ಪದಚರ್ಚೆ: ಬಲೆ ಹೊದಿಸಿದ ಹಕ್ಕಿಗಳ ಜಾಗಕ್ಕೆ ಏನೆನ್ನೋಣ? (ನಾಳೆ 11ಕ್ಕೆ ಫ್ಲೆಕ್ಸ್, ತುರ್ತು)

ಶಿವಮೊಗ್ಗದ ಟೀಚರ್, ಭಾನುವಾರ ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಫ್ಲೆಕ್ಸ್ ಅಂಗಡಿಯವನಿಗೆ ಮ್ಯಾಟರ್ ಕೊಡಬೇಕು. ಕೊಡದಿದ್ದರೆ ಬುಧವಾರದವರೆಗೆ ಮಷಿನ್ ಖಾಲಿ ಇಲ್ಲವಂತೆ. ದಯವಿಟ್ಟು ಬೇಗ ಉತ್ತರಿಸಿ.

ಏಪ್ರಿಲ್ ರಜೆಯಲ್ಲಿ ಮನೆಯವರೆಲ್ಲ ಕ್ವಾಲಾಲಂಪುರಕ್ಕೆ ಹೋಗಿದ್ದೆವು. ಅಲ್ಲಿನ ಬರ್ಡ್ ಪಾರ್ಕಿಗೆ ಎರಡು ಗಂಟೆ ಸಾಕು ಅಂತ ಹೋದವರು ಸಂಜೆ ಗೇಟು ಹಾಕುವ ಹೊತ್ತಿಗೆ ಹೊರಗೆ ಬಂದೆವು. ಆ ಫೋಟೋಗಳನ್ನು ಈಗ ಶಾಲೆಯ ಹಾಲಿನಲ್ಲಿ ಮಕ್ಕಳಿಗಾಗಿ ತೂಗುಹಾಕುತ್ತಿದ್ದೇವೆ.

ಅದು ಸುಮಾರು 21 ಎಕರೆ ಜಾಗ. 1991ರಲ್ಲಿ ಶುರುವಾದದ್ದು. 3,000ಕ್ಕೂ ಜಾಸ್ತಿ ಹಕ್ಕಿಗಳಿವೆ, 200ಕ್ಕೂ ಹೆಚ್ಚು ಜಾತಿಯವು, ಬಹಳಷ್ಟು ಏಷ್ಯಾದವೇ. ಅಲ್ಲಿ ದೊಡ್ಡ ಮರಗಳಿಗಿಂತ ಎತ್ತರಕ್ಕೆ ಬಲೆ ಹೊದಿಸಿದ್ದಾರೆ. ಕೆಳಗೆ ತೊರೆ, ಗಿಡ, ಕಾಲುದಾರಿ ಎಲ್ಲ ಇದೆ. ನಾವು ಒಳಗೇ ನಡೆಯುತ್ತೇವೆ, ಹಕ್ಕಿಗಳು ನಮ್ಮ ತಲೆ ಮೇಲೆ ಹಾರಾಡುತ್ತವೆ. ನನ್ನ ಮಗಳ ಕೈಲಿದ್ದ ಬನ್ನಿಗೆ ಒಂದು ಕೊಕ್ಕರೆ ಸೀದಾ ಬಾಯಿ ಹಾಕಿತು. ಒಂದು ನವಿಲಂತೂ ನಮ್ಮ ಗಾಂಧಿ ಬಜಾರಿನ ದನದ ಹಾಗೆ ದಾರಿಗೆ ಅಡ್ಡ ನಿಂತು ಜಪ್ಪಯ್ಯ ಅಂದರೂ ಕದಲಲಿಲ್ಲ.

ನನಗೆ ಬೇಕಾದದ್ದು ಮೂರು ಪದ. ಇಡೀ ಜಾಗಕ್ಕೆ ಒಂದು. ಬಲೆ ಹೊದಿಸಿದ, ಒಳಗೆ ನಡೆದಾಡುವ ಭಾಗಕ್ಕೆ ಒಂದು, ಅಂದರೆ ಇಂಗ್ಲಿಷಿನವರು ಏವಿಯರಿ ಅನ್ನುತ್ತಾರಲ್ಲ ಅದಕ್ಕೆ. ಮತ್ತೆ ಫೆಸೆಂಟ್ ಅನ್ನುವ ಹಕ್ಕಿಗೆ ಒಂದು. ಪಕ್ಷಿಧಾಮ ಅಂತ ಬರೆದರೆ ನಮ್ಮ ಮಕ್ಕಳಿಗೆ ಮಂಡಗದ್ದೆ ನೆನಪಾಗುತ್ತದೆ. ಪಂಜರ ಅಂದರೆ ಗಿಣಿಶಾಸ್ತ್ರದವನ ಪೆಟ್ಟಿಗೆ.

ಸಾಗರದ ಮೇಷ್ಟ್ರು, ರಾತ್ರಿ 9.05

ಪಕ್ಷಿಧಾಮ ಬೇಡ ಅಂದದ್ದು ಸರಿ. ಮಂಡಗದ್ದೆಗೆ, ಗುಡವಿಗೆ ಹಕ್ಕಿಗಳು ತಾವಾಗಿ ಬರುತ್ತವೆ, ಮರಿ ಮಾಡುತ್ತವೆ, ಹೋಗುತ್ತವೆ. ಧಾಮ ಅಂತ ಅದಕ್ಕೇ ಅಂದದ್ದು. ತಂದು ಸಾಕಿದ ಜಾಗಕ್ಕೆ ಆ ಪದ ಕೂಡದು. ಪಕ್ಷಿ ಉದ್ಯಾನ ಅಂತ ಹಾಕಿ. ಎಲ್ಲರಿಗೂ ಗೊತ್ತಾಗುತ್ತದೆ. ಏವಿಯರಿಗೆ ಪಕ್ಷಿಶಾಲೆ ಆಗಬಹುದು. ಗೋಶಾಲೆ ಇದೆಯಲ್ಲ, ಹಾಗೆ.

ಬೆಂಗಳೂರಿನಿಂದ, ಮೂಲ ಶಿಕಾರಿಪುರ, ರಾತ್ರಿ 9.20

ಮತ್ತೆ ಶುರುವಾಯಿತು ಪಕ್ಷಿ, ಉದ್ಯಾನ, ಶಾಲೆ. ಮೂರಕ್ಕೆ ಮೂರೂ ಸಂಸ್ಕೃತ. ಮೇಷ್ಟ್ರೇ, ಶಾಲೆ ಅಂದರೆ ಮಕ್ಕಳು ಹಕ್ಕಿಗಳಿಗೆ ಪಾಠ ಮಾಡುತ್ತಾರೆ ಅಂದುಕೊಂಡಾವು.

ಹೂ ಮತ್ತು ತೋಟ ಸೇರಿ ಹೂದೋಟ. ಹಕ್ಕಿ ಮತ್ತು ತೋಟ ಸೇರಿ ಹಕ್ಕಿದೋಟ. ಮುಗಿಯಿತು. ನೆನಪಿರಲಿ, ಹಕ್ಕಿತೋಟ ಅಲ್ಲ, ಹಕ್ಕಿದೋಟ. ಸಂಧಿ ಬಿಟ್ಟರೆ ಅದು ಪದ ಅಲ್ಲ, ಎರಡು ಪದ ಪಕ್ಕಪಕ್ಕ ಇಟ್ಟದ್ದು.

ಮೇಡಂ, ಅಲ್ಲಿನ ಬೋರ್ಡಿನಲ್ಲಿ ಮಲಯ ಭಾಷೆಯಲ್ಲಿ ಏನಂತ ಇತ್ತು, ನೋಡಿದಿರಾ?

ಶಿವಮೊಗ್ಗದ ಟೀಚರ್, ರಾತ್ರಿ 9.32

ತಾಮನ್ ಬುರುಂಗ್ ಅಂತ ಇತ್ತು ಸರ್. ತಾಮನ್ ಅಂದರೆ ತೋಟ, ಬುರುಂಗ್ ಅಂದರೆ ಹಕ್ಕಿ.

ಬೆಂಗಳೂರಿನಿಂದ, ಮೂಲ ಶಿಕಾರಿಪುರ, ರಾತ್ರಿ 9.36

ನೋಡಿದಿರಾ! ಅವರಿಗೆ ನಾಚಿಕೆ ಇಲ್ಲ. ತಮ್ಮ ಮಾತಲ್ಲೇ ತೋಟ, ತಮ್ಮ ಮಾತಲ್ಲೇ ಹಕ್ಕಿ. ನಮಗೆ ಮಾತ್ರ ಬೋರ್ಡು ಬರೆಯುವಾಗ ಮಡಿ ಉಡಬೇಕು.

ಕೊಪ್ಪದ ತೋಟದವ, ರಾತ್ರಿ 9.50

ಮಾರಾಯ್ರೇ, ಮಲೆನಾಡಿನಲ್ಲಿ ತೋಟ ಅಂದರೆ ಅಡಿಕೆ ತೋಟ. ಬೇರೆ ಅರ್ಥ ಇಲ್ಲ. ಹಕ್ಕಿತೋಟ ಅಂತ ಫ್ಲೆಕ್ಸ್ ಕಟ್ಟಿದರೆ ನಮ್ಮ ಕಡೆಯವರು ಎಷ್ಟು ಎಕರೆ, ಕೊಳೆರೋಗಕ್ಕೆ ಎಷ್ಟು ಸಲ ಬೋರ್ಡೋ ದ್ರಾವಣ ಹೊಡೆದಿರಿ ಅಂತ ಕೇಳುತ್ತಾರೆ.

ಇನ್ನು ದೋಟ. ದಿನಾ ತೋಟದಲ್ಲೇ ಬಿದ್ದಿರುವವ ನಾನು. ಅಡಿಕೆದೋಟ ಅಂತ ನಮ್ಮಜ್ಜನೂ ಅಂದಿಲ್ಲ. ತೆಂಗಿನ ತೋಟ, ಬಾಳೆ ತೋಟ, ಕಾಫಿ ತೋಟ. ನಿಮ್ಮ ಸಂಧಿ ಹೂವಿನ ಹತ್ತಿರ ಮಾತ್ರ ಯಾಕೆ ನಿಂತುಹೋಯಿತು?

ಬೆಂಗಳೂರಿನಿಂದ, ಮೂಲ ಶಿಕಾರಿಪುರ, ರಾತ್ರಿ 9.58

ಮಳೆಗಾಲ, ಬೆಟ್ಟದಾವರೆ. ಇನ್ನೂ ಬೇಕೇ? ಆಡುಮಾತಿನ ಸೋಮಾರಿತನ ವ್ಯಾಕರಣ ಆಗುವುದಿಲ್ಲ.

ತೀರ್ಥಹಳ್ಳಿಯ ಹಕ್ಕಿಹುಚ್ಚ, ರಾತ್ರಿ 10.15

ಸೋಮಾರಿತನವೇ? ಕಾಡುಕೋಳಿ, ಚಿಟ್ಟುಕೋಳಿ, ಹುಂಡುಕೋಳಿ. ಇವನ್ನು ಕಾಡುಗೋಳಿ, ಚಿಟ್ಟುಗೋಳಿ ಅಂತ ಯಾವ ಊರಲ್ಲಿ ಕರೆಯುತ್ತಾರೆ ಹೇಳಿ, ಬೈನಾಕ್ಯುಲರ್ ಕಟ್ಟಿಕೊಂಡು ಬರುತ್ತೇನೆ. ಹಳಗನ್ನಡದಲ್ಲಿ ಹಕ್ಕಿಗೆ ಸಂಧಿ ಚೆನ್ನಾಗಿಯೇ ಆಗುತ್ತಿತ್ತು, ಒಪ್ಪಿದೆ. ಜಕ್ಕವಕ್ಕಿ, ಎಣೆವಕ್ಕಿ. ಹಾವಕ್ಕಿಯನ್ನು ಈಗಲೂ ಹಾವಕ್ಕಿ ಅಂತಲೇ ಅನ್ನುತ್ತೇವೆ, ಮಳೆಗಾಲದಲ್ಲಿ ಮಂಡಗದ್ದೆಗೆ ಹೋದರೆ ಕತ್ತು ಉದ್ದ ಮಾಡಿಕೊಂಡು ಕೂತಿರುತ್ತದೆ. ಆದರೆ ಅವು ಶತಮಾನಗಟ್ಟಲೆ ಬಾಯಲ್ಲಿ ಸವೆದು ಆದ ಪದಗಳು. ಹೊಸದಾಗಿ ಕಟ್ಟುವಾಗ ಮೊದಲೇ ಸವೆಸಿ ಕೊಡಲು ಆಗುವುದಿಲ್ಲ.

ಮೇಡಂ, ಮಂಗಟ್ಟೆ ಫೋಟೋ ಇದ್ದರೆ ಅದಕ್ಕೆ ಹಾರ್ನ್‌ಬಿಲ್ ಅಂತ ಹಾಕಬೇಡಿ, ಕೈ ಮುಗಿಯುತ್ತೇನೆ. ದೊಡ್ಡ ಹಳದಿ ಕೊಕ್ಕಿನ ಮೇಲೆ ದೋಣಿ ಮಗುಚಿಟ್ಟ ಹಾಗೆ ಇರುವುದು ನಮ್ಮ ದಾಸ ಮಂಗಟ್ಟೆ. ಆಗುಂಬೆ ಕಡೆಯ ಕಾಡಿನಲ್ಲೂ ಅದೇ, ಮಲಯ ಕಾಡಿನಲ್ಲೂ ಅದೇ ಜಾತಿ. ಅದರ ರೆಕ್ಕೆಯ ಸದ್ದು ಅರ್ಧ ಫರ್ಲಾಂಗ್ ದೂರಕ್ಕೆ ಉಗಿಬಂಡಿಯ ಹಾಗೆ ಕೇಳುತ್ತದೆ. ಕೊಕ್ಕಿನ ಮೇಲೆ ಕೆಂಪು ಕೊಂಬು ಮೇಲಕ್ಕೆ ಮಡಚಿಕೊಂಡಿದ್ದರೆ ಅದು ಬೇರೆ, ಮಲೇಷ್ಯಾದ ಸರವಾಕ್ ರಾಜ್ಯದ ಪಕ್ಷಿ. ಅದಕ್ಕೆ ಖಡ್ಗ ಮಂಗಟ್ಟೆ ಅನ್ನಿ. ಘೇಂಡಾಮೃಗ ಮಂಗಟ್ಟೆ ಅಂದರೆ ಮಕ್ಕಳ ನಾಲಿಗೆ ತೊಡರುತ್ತದೆ.

ಸಾಗರದ ಮೇಷ್ಟ್ರು, ರಾತ್ರಿ 10.30

ಒಂದು ಮಾತು ಹೇಳಿ ಮಲಗುತ್ತೇನೆ. ಶಿಕಾರಿಪುರದವರು ಹಕ್ಕಿಯನ್ನು ಅಚ್ಚಗನ್ನಡ ಅಂತ ಎದೆಗೆ ಅಪ್ಪಿಕೊಂಡಿದ್ದಾರೆ. ಹೈಸ್ಕೂಲಿನ ವ್ಯಾಕರಣ ಪುಸ್ತಕದ ತತ್ಸಮ ತದ್ಭವ ಪಟ್ಟಿ ತೆಗೆದು ನೋಡಲಿ. ಪಕ್ಷಿ, ಹಕ್ಕಿ. ನಾನೇ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಅಪ್ಪನನ್ನು ಮನೆಯಿಂದ ಓಡಿಸಿ ಮಗನಿಗೆ ಮಣೆ ಹಾಕುವುದು ಯಾವ ನ್ಯಾಯ?

ಬೆಂಗಳೂರಿನಿಂದ, ಮೂಲ ಶಿಕಾರಿಪುರ, ರಾತ್ರಿ 10.41

ಆ ಪಟ್ಟಿ ಬರೆದವರಿಗೆ ಕನ್ನಡದ್ದೆಲ್ಲವೂ ಸಂಸ್ಕೃತದಿಂದ ಉದುರಿದ್ದೇ. ಪಕ್ಕ, ಅಂದರೆ ರೆಕ್ಕೆ, ಇರುವುದು ಪಕ್ಕಿ ಯಾಕಾಗಬಾರದು? ಸರಿ, ನಿಮ್ಮ ಮಾತೇ ಇರಲಿ. ತಮಿಳಿನಲ್ಲಿ ಪುಳ್ ಅಂತ ಇದೆ, ಹಳೇ ದ್ರಾವಿಡ ಪದ, ಹಕ್ಕಿ ಅಂತಲೇ ಅರ್ಥ. ಅದನ್ನೇ ತರೋಣ. ಪುಳ್ದೋಟ.

ಕೊಪ್ಪದ ತೋಟದವ, ರಾತ್ರಿ 10.44

ಪುಳ್ಳೆ ಗೊತ್ತು. ಒಲೆಗೆ ಹಾಕುತ್ತೇವೆ. ಗುಡ್ ನೈಟ್.

ಸಾಗರದ ಮೇಷ್ಟ್ರು, ರಾತ್ರಿ 10.52

ನಿದ್ದೆ ಬರಲಿಲ್ಲ. ಮಲಯದವರ ಸ್ವಾಭಿಮಾನದ ವಿಷಯ. ಅವರು ಭಾಷೆಗೆ ಏನನ್ನುತ್ತಾರೆ ಗೊತ್ತೇ? ಬಹಾಸ. ದೇಶಕ್ಕೆ ನೆಗಾರ. ಭೂಮಿಗೆ ಬೂಮಿ. ಸಿಂಹಕ್ಕೆ ಸಿಂಗ. ಎಲ್ಲ ಎಲ್ಲಿಂದ ಹೋದವು? ಎರವಲು ತಂದವರು ಯಾರೂ ಹಾಳಾಗಿಲ್ಲ.

ತೀರ್ಥಹಳ್ಳಿಯ ಹಕ್ಕಿಹುಚ್ಚ, ರಾತ್ರಿ 11.10

ಎರವಲಿನ ಮಾತು ಬಂದದ್ದು ಒಳ್ಳೇದಾಯಿತು. ಇಂಗ್ಲಿಷಿನವರು ಕಾಕಟೂ ಅನ್ನುತ್ತಾರಲ್ಲ, ಅದು ಮಲಯದ ಕಾಕತುವಾ. ಕ್ಯಾಸೊವರಿಯೂ ಮಲಯದ್ದೇ. ಮೈನಾ ಹಿಂದಿಯಿಂದ ಹೋದದ್ದು. ಹಕ್ಕಿ ಎಲ್ಲಿಯದೋ ಹೆಸರೂ ಅಲ್ಲಿಯದೇ ಇರಲಿ ಅಂತ ಅವರು ಸುಮ್ನೆ ತಗೊಂಡರು. ನಮಗೆ ಗೊರವಂಕ ಇದೆ, ಪಿಕಳಾರ ಇದೆ, ಕಾಜಾಣ ಇದೆ, ಭೀಮರಾಜ ಇದೆ. ನಮ್ಮ ಕಾಡಿನಲ್ಲಿ ಇರುವುದಕ್ಕೆ ನಮ್ಮ ಹೆಸರು. ಇಲ್ಲದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಕೂತು ಹೆಸರು ಹೆರುವುದು ಯಾಕೆ?

ಫೆಸೆಂಟ್ ಅಂಥದ್ದು. ನವಿಲು, ಕಾಡುಕೋಳಿ, ಊರಕೋಳಿ, ಫೆಸೆಂಟ್ ಎಲ್ಲ ಒಂದೇ ಕುಟುಂಬ. ಆದರೆ ಫೆಸೆಂಟನ್ನು ಕಾಡುಕೋಳಿ ಅಂತ ಬರೆದರೆ ತಪ್ಪು. ನಮ್ಮ ಕಾಡುಕೋಳಿ ಬೂದು ಬಣ್ಣದ್ದು, ಬೇಲಿಯಾಚೆಯೇ ಕೂಗುತ್ತದೆ, ಮಕ್ಕಳು ನೋಡಿರುತ್ತಾರೆ. ಚಿನ್ನದ ಜುಟ್ಟು, ಕೆಂಪು ಎದೆಯ ಫೆಸೆಂಟ್ ಚೀನಾದ ಬೆಟ್ಟದ್ದು.

ಸಾಗರದ ಮೇಷ್ಟ್ರು, ರಾತ್ರಿ 11.25

ಆ ಫೆಸೆಂಟ್ ಎಂಬ ಹೆಸರೂ ಚೀನಾದ್ದಲ್ಲ. ಫಾಸಿಸ್ ಅಂತ ಒಂದು ನದಿ, ಈಗಿನ ಜಾರ್ಜಿಯಾ ದೇಶದಲ್ಲಿ. ಅದರ ದಡದ ಹಕ್ಕಿ ಅಂತ ಗ್ರೀಕರು ಕರೆದರು. ಅಂದರೆ ತುಂಗಾ ದಡದ ಕೋಳಿಯನ್ನು ತುಂಗೇಯ ಅಂದ ಹಾಗೆ. ಟರ್ಕಿ ಕೋಳಿಯದೂ ಅದೇ ಕಥೆ, ಹಕ್ಕಿ ಅಮೆರಿಕದ್ದು, ಹೆಸರು ಟರ್ಕಿಯದ್ದು. ನಾವು ಕೊನೆಗೆ ಒಂದು ಕೋಳಿ ಅಂಟಿಸಿ ಮನೆಗೆ ಸೇರಿಸಿಕೊಂಡೆವು. ಟರ್ಕಿ ಕೋಳಿ, ಗಿನಿ ಕೋಳಿ. ಫೆಸೆಂಟ್ ಕೋಳಿ ಅನ್ನಿ. ಕನ್ನಡದ ರೂಢಿಯೇ ಹಾಗೆ.

ಬೆಂಗಳೂರಿನಿಂದ, ಮೂಲ ಶಿಕಾರಿಪುರ, ರಾತ್ರಿ 11.31

ಫೆ ಅಕ್ಷರವೇ ಕನ್ನಡದ್ದಲ್ಲ.

ಸಾಗರದ ಮೇಷ್ಟ್ರು, ರಾತ್ರಿ 11.33

ಫೋನ್ ಕೆಳಗಿಡಿ ಹಾಗಾದರೆ.

ಶಿವಮೊಗ್ಗದ ಟೀಚರ್, ಸೋಮವಾರ ಬೆಳಿಗ್ಗೆ 9.15

ಎಲ್ಲವನ್ನೂ ಓದಿದೆ. ಬಹಳ ತಿಳಿಯಿತು. ಮಂಗಟ್ಟೆ ಬಗ್ಗೆ ಬರೆದವರಿಗೆ ವಿಶೇಷ ಥ್ಯಾಂಕ್ಸ್, ಎರಡು ಫೋಟೋಗಳಿಗೆ ಹೆಸರು ಅದಲುಬದಲಾಗಿತ್ತು. ಫೆಸೆಂಟ್ ಕೋಳಿಯೂ ಇರಲಿ. ಆದರೆ ಬಲೆ ಹೊದಿಸಿದ ಭಾಗಕ್ಕೆ ಎಲ್ಲರೂ ಒಪ್ಪುವ ಪದ ಇನ್ನೂ ಸಿಕ್ಕಿಲ್ಲ. ಒಂದೂಮುಕ್ಕಾಲು ಗಂಟೆ ಇದೆ.

ಕೊಪ್ಪದ ತೋಟದವ, ಬೆಳಿಗ್ಗೆ 9.40

ಬಲೆಮನೆ? ನರ್ಸರಿಯಲ್ಲಿ ಅಡಿಕೆ ಸಸಿಗೆ ಹಸಿರು ನೆಟ್ ಕಟ್ಟುತ್ತೇವಲ್ಲ, ನೋಡಲು ಅದೇ ಥರ.

ಸಾಗರದ ಮೇಷ್ಟ್ರು, ಬೆಳಿಗ್ಗೆ 9.52

ಹಕ್ಕಿಯ ಪಕ್ಕ ಬಲೆ ಅಂದ ಕೂಡಲೇ ಬೇಡ ಬಂದು ನಿಲ್ಲುತ್ತಾನೆ. ಬೇಡ. ಎರಡೂ ಅರ್ಥದಲ್ಲಿ ಬೇಡ.

ಬೆಂಗಳೂರಿನಿಂದ, ಮೂಲ ಶಿಕಾರಿಪುರ, ಬೆಳಿಗ್ಗೆ 10.20

ಹಕ್ಕಿಮನೆ ಸಾಕು. ಸಂಧಿ ಬೇಕಿಲ್ಲ, ಅರಮನೆ, ಸೆರೆಮನೆ ಇದ್ದ ಹಾಗೆ. ಇದರಲ್ಲೂ ತಕರಾರು ಇದ್ದರೆ ನನಗೆ ಆಫೀಸಿದೆ.

ತೀರ್ಥಹಳ್ಳಿಯ ಹಕ್ಕಿಹುಚ್ಚ, ಬೆಳಿಗ್ಗೆ 10.34

ಉದಾಹರಣೆ ಕೊಡಲು ಸೆರೆಮನೆಯೇ ಸಿಕ್ಕಿತಾ ನಿಮಗೆ?

ಹೊಸನಗರದಿಂದ, ಬೆಳಿಗ್ಗೆ 11.25

ಅಡುಗೆ ಮುಗಿಸಿ ಈಗ ನೋಡಿದೆ. ನಾನು ಈ ಗುಂಪಿನಲ್ಲಿ ಓದುವುದೇ ಜಾಸ್ತಿ, ಬರೆದದ್ದು ಕಡಿಮೆ. ತಪ್ಪಿದ್ದರೆ ತಿದ್ದಿ.

ಟೀಚರಮ್ಮ ಹೇಳಿದ್ದನ್ನು ಓದಿದಾಗ ನನಗೆ ಕಂಡದ್ದು ಚಪ್ಪರ. ಕಂಬ ನೆಟ್ಟು ಮೇಲೆ ಏನೋ ಹೊದಿಸಿರುತ್ತಾರೆ, ಸುತ್ತ ಗೋಡೆ ಇಲ್ಲ, ಬೆಳಕು ಸೋರುತ್ತದೆ, ಕೆಳಗೆ ಜನ ಓಡಾಡುತ್ತಾರೆ. ನಮ್ಮ ಅಂಗಳದಲ್ಲಿ ಅಡಿಕೆ ಸುಗ್ಗಿಗೆ ಹಾಕುವುದೂ ಅದೇ ತಾನೇ. ಮೇಲೆ ಬೇಯಿಸಿದ ಅಡಿಕೆ ಒಣಗುತ್ತಿರುತ್ತದೆ, ಕೆಳಗೆ ಮಕ್ಕಳು ಆಡುತ್ತಿರುತ್ತವೆ. ಮಲ್ಲಿಗೆ ಚಪ್ಪರ, ಹೀರೆ ಚಪ್ಪರ ಅನ್ನುತ್ತೇವೆ. ಹಕ್ಕಿ ಚಪ್ಪರ ಅಂದರೆ ಆಗದೇ? ಪಂಜರಕ್ಕೆ ಬಾಗಿಲು ಮೊದಲು ನೆನಪಾಗುತ್ತದೆ. ಚಪ್ಪರಕ್ಕೆ ನೆರಳು.

ತೀರ್ಥಹಳ್ಳಿಯ ಹಕ್ಕಿಹುಚ್ಚ, ಬೆಳಿಗ್ಗೆ 11.31

ಅಕ್ಕಾ, ನಿನ್ನೆ ರಾತ್ರಿ ಎಲ್ಲಿದ್ದಿರಿ? ಇದೇ ಪದ.

ಸಾಗರದ ಮೇಷ್ಟ್ರು, ಬೆಳಿಗ್ಗೆ 11.40

ಚೆನ್ನಾಗಿದೆ. ಪಕ್ಷಿಶಾಲೆಯನ್ನು ಹಿಂತೆಗೆದುಕೊಂಡಿದ್ದೇನೆ. ಇದನ್ನು ಹಿಂದೆ ಯಾವ ಚರ್ಚೆಯಲ್ಲೂ ಮಾಡಿದ ನೆನಪಿಲ್ಲ.

ಬೆಂಗಳೂರಿನಿಂದ, ಮೂಲ ಶಿಕಾರಿಪುರ, ಮಧ್ಯಾಹ್ನ 12.05

ಹಿಂದಿಯಲ್ಲಿ ಛಪ್ಪರ್ ಇದೆ. ಒಂದು ಮಾತು ಗೊತ್ತಿರಲಿ ಅಂತ ಹೇಳಿದೆ.

ಹೊಸನಗರದಿಂದ, ಮಧ್ಯಾಹ್ನ 12.20

ಇರಬಹುದು ಸರ್. ನಮ್ಮತ್ತೆಗೆ ಹಿಂದಿ ಬರುವುದಿಲ್ಲ, ಚಪ್ಪರ ಮಾತ್ರ ಪ್ರತಿ ವರ್ಷ ಹಾಕಿಸುತ್ತಾರೆ.

ಶಿವಮೊಗ್ಗದ ಟೀಚರ್, ಸಂಜೆ 5.10

ಕ್ಷಮಿಸಿ, ಹನ್ನೊಂದಕ್ಕೆ ಅಂಗಡಿಯವನು ಫೋನ್ ಮೇಲೆ ಫೋನ್ ಮಾಡಿದ. ದೊಡ್ಡ ಫ್ಲೆಕ್ಸಿಗೆ ಪಕ್ಷಿ ಉದ್ಯಾನ ಅಂತಲೇ ಕೊಟ್ಟುಬಿಟ್ಟೆ. ಹಕ್ಕಿ ಚಪ್ಪರ ತಡವಾಗಿ ಸಿಕ್ಕಿತು. ಬಿಡಲು ಮನಸ್ಸಾಗಲಿಲ್ಲ. ಒಂದು ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದು, ಕೆಳಗೆ ಬಾಣದ ಗುರುತು ಹಾಕಿ, ಹಾಲಿನ ಬಾಗಿಲ ಮೇಲೆ ಅಂಟಿಸಿದ್ದೇನೆ. ನಮ್ಮ ಅಟೆಂಡರ್ ಅದನ್ನು ನೋಡಿ, ಯಾರ ಮನೆ ಮದುವೆ ಮೇಡಂ, ಊಟ ಎಷ್ಟು ಗಂಟೆಗೆ ಅಂತ ಕೇಳಿದ.

ಬೆಂಗಳೂರಿನಿಂದ, ಮೂಲ ಶಿಕಾರಿಪುರ, ಸಂಜೆ 5.14

ಅದಕ್ಕೇ ಹೇಳಿದ್ದು. ಹಕ್ಕಿದೋಟ.