ಸಹಾಯ ಬೇಕು: ನಿರ್ವಹಣಾ ಶುಲ್ಕ 7,500 ರೂಪಾಯಿ ದಾಟಿದರೆ ಜಿಎಸ್‌ಟಿ ಎಷ್ಟಕ್ಕೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ 48 ಮನೆಗಳ ವಸತಿ ಸಹಕಾರ ಸಂಘಕ್ಕೆ ಈ ವರ್ಷ ನಾನು ಖಜಾಂಚಿ. ಮೊನ್ನೆ ಹಳೆಯ ಲಿಫ್ಟ್ ನಡುವೆಯೇ ನಿಂತು, ಔಷಧಿ ತರಲು ಹೊರಟಿದ್ದ ಅಜ್ಜಿಯೊಬ್ಬರು ಅರ್ಧ ಗಂಟೆ ಕತ್ತಲಲ್ಲಿ ಸಿಕ್ಕಿಕೊಂಡಿದ್ದರು. ಅದನ್ನು ಬದಲಿಸಲೇಬೇಕು. ಹಾಗಾಗಿ ತಿಂಗಳ ಶುಲ್ಕವನ್ನು 6,800ರಿಂದ 8,000 ರೂಪಾಯಿಗೆ ಏರಿಸಬೇಕಾಗಿದೆ. ತಿಂಗಳ ಶುಲ್ಕ 7,500 ದಾಟಿ, ವಾರ್ಷಿಕ ಸಂಗ್ರಹವೂ 20 ಲಕ್ಷ ಮೀರುವುದರಿಂದ ಶೇ 18 ಜಿಎಸ್‌ಟಿ ಬೀಳುತ್ತದೆ.

ತೊಡಕು ಇಲ್ಲಿದೆ. ಪೂರ್ತಿ ಮೊತ್ತಕ್ಕೆ ತೆರಿಗೆ ಎಂದು ಕೇಂದ್ರದ 2019ರ ಸುತ್ತೋಲೆ ಹೇಳುತ್ತದೆ. 7,500 ಮೀರಿದ ಭಾಗಕ್ಕೆ ಮಾತ್ರ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ಇಬ್ಬರು ಲೆಕ್ಕಪರಿಶೋಧಕರನ್ನು ಕೇಳಿದೆ, ಎರಡು ಉತ್ತರ ಸಿಕ್ಕಿತು. ಒಂದು ಮನೆಗೆ 1,440 ರೂಪಾಯಿಯೋ, 90 ರೂಪಾಯಿಯೋ? ಪಿಂಚಣಿಯಲ್ಲೇ ಬದುಕುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಕರ್ನಾಟಕದಲ್ಲಿ ಸಂಘ ನಡೆಸುತ್ತಿರುವವರು ದಯವಿಟ್ಟು ತಿಳಿಸಿ: ನೀವು ಯಾವ ಲೆಕ್ಕದಲ್ಲಿ ತೆರಿಗೆ ಕಟ್ಟುತ್ತಿದ್ದೀರಿ, ಇಲಾಖೆಯಿಂದ ನೋಟಿಸ್ ಬಂದಿದೆಯೇ?