‘ಅಗತ್ಯ ತೈಲ’ ಯಾರಿಗೆ ಅಗತ್ಯ? ಎಸೆನ್ಷಿಯಲ್ ಆಯಿಲ್‌ಗೆ ಒಳ್ಳೆಯ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಮಾಲೀಸು ಕಲಿಯುವವರಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನನಗಿಂತ ಮೊದಲು ಇನ್ನೊಬ್ಬರು ಅರ್ಧ ಮಾಡಿ ಬಿಟ್ಟಿದ್ದರು. ಅವರ ಕರಡಿನ ಮೂರನೇ ಪುಟದಲ್ಲೇ ಈ ಸಾಲು ಸಿಕ್ಕಿತು: ‘ಮಾಲೀಸಿಗೆ ಮುನ್ನ ಅಗತ್ಯ ತೈಲವನ್ನು ವಾಹಕ ತೈಲದಲ್ಲಿ ದುರ್ಬಲಗೊಳಿಸಿ.’ ಎರಡು ಸಲ ಓದಿದೆ. ಏನು ಮಾಡಬೇಕು ಅಂತ ನನಗೇ ತಿಳಿಯಲಿಲ್ಲ. ಯಾವ ತೈಲ ಅಗತ್ಯ? ಯಾರು ಯಾರನ್ನು ದುರ್ಬಲಗೊಳಿಸಬೇಕು? ಮೂಲದಲ್ಲಿ ಹೇಳಿದ್ದು ಇಷ್ಟೇ: ಎಸೆನ್ಷಿಯಲ್ ಆಯಿಲನ್ನು, ಅಂದರೆ ಗಿಡದಿಂದ ತೆಗೆದ ಗಾಢ ಕಂಪಿನ ದ್ರವವನ್ನು, ಬಾದಾಮಿಯಂಥ ಸಾದಾ ಎಣ್ಣೆಯಲ್ಲಿ (ಕ್ಯಾರಿಯರ್ ಆಯಿಲ್) ಬೆರೆಸಿ ಅದರ ಗಾಢತೆ ಕಡಿಮೆ ಮಾಡಿ.

ಮೊದಲು ‘ಅಗತ್ಯ’ದ ವಿಷಯ. ಇಂಗ್ಲಿಷಿನ ಎಸೆನ್ಷಿಯಲ್‌ಗೆ ‘ಬೇಕೇ ಬೇಕಾದ’ ಅನ್ನುವ ಅರ್ಥ ಇದೆ, ನಿಜ. ಆದರೆ ಇಲ್ಲಿರುವುದು ಅದಲ್ಲ. ಇದು ಎಸೆನ್ಸ್‌ನಿಂದ, ಅಂದರೆ ಸಾರದಿಂದ ಬಂದದ್ದು. ಹಿಂದಿನ ಯುರೋಪಿನ ರಸವಾದಿಗಳು ಮಣ್ಣು, ನೀರು, ಗಾಳಿ, ಬೆಂಕಿ ಈ ನಾಲ್ಕರ ಆಚೆಗೆ ಐದನೆಯದೊಂದು ಸೂಕ್ಷ್ಮ ಸತ್ವ ಇದೆ ಎಂದು ನಂಬಿದ್ದರು. ಲ್ಯಾಟಿನ್‌ನಲ್ಲಿ ಅದಕ್ಕೆ ಕ್ವಿಂಟಾ ಎಸೆನ್ಷಿಯಾ ಎಂಬ ಹೆಸರು. 16ನೇ ಶತಮಾನದ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ಗಿಡಮೂಲಿಕೆಗಳಿಂದ ಈ ಸತ್ವವನ್ನು ತೆಗೆಯುವುದರ ಬಗ್ಗೆ ತುಂಬಾ ತಲೆ ಕೆಡಿಸಿಕೊಂಡಿದ್ದ. ಎಸೆನ್ಷಿಯಲ್ ಆಯಿಲ್‌ನ ಬೇರು ಅಲ್ಲಿದೆ. ಗಿಡದ ಕಂಪಿನ ಸಾರ ಅಷ್ಟೇ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಆಹಾರದ ಬಗ್ಗೆ ಬರೆಯುವಾಗ ‘ಅಗತ್ಯ ಕೊಬ್ಬಿನಾಮ್ಲ’, ‘ಅಗತ್ಯ ಅಮೈನೋ ಆಮ್ಲ’ ಅಂತೀವಿ. ಅಲ್ಲಿ ಅದು ಸರಿ. ನಮ್ಮ ದೇಹ ಅವನ್ನು ತಾನೇ ತಯಾರಿಸಿಕೊಳ್ಳಲಾರದು, ಹೊರಗಿನಿಂದ ಬರಲೇಬೇಕು. ಅದೇ ‘ಅಗತ್ಯ’ವನ್ನು ಇಲ್ಲಿಗೆ ಎಳೆದು ತಂದರೆ, ಲ್ಯಾವೆಂಡರ್ ಹೂವಿನ ಸಾರ ಇಲ್ಲದೆ ಮಾಲೀಸೇ ಇಲ್ಲ ಅನ್ನುವ ಹಾಗಾಗುತ್ತದೆ. ಬರಿಯ ಎಣ್ಣೆಯಲ್ಲಿ ಮಾಲೀಸು ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಹಾಗಾದರೆ ಏನನ್ನಬೇಕು? ‘ಸಾರಭೂತ ತೈಲ’ ಎಂಬ ಪದ ಬಳಕೆಯಲ್ಲಿದೆ. ಅರ್ಥದಲ್ಲಿ ತಪ್ಪಿಲ್ಲ. ಆದರೆ ಮಾಲೀಸು ಕಲಿಯಲು ಬಂದ ಹುಡುಗಿಗೆ ಅದರಲ್ಲಿ ಮೊದಲು ಕಾಣುವುದು ಭೂತ. ‘ಬಾಷ್ಪಶೀಲ ತೈಲ’ ಎಂದೂ ಬರೆಯುತ್ತಾರೆ. ಬಾಷ್ಪ ಎಂದರೆ ಆವಿಯೂ ಹೌದು, ಕಣ್ಣೀರೂ ಹೌದು. ಆನಂದಬಾಷ್ಪ ಕೇಳಿ ಬೆಳೆದ ನಮಗೆ ಅದು ಅಳುಮುಂಜಿ ಎಣ್ಣೆಯ ಹಾಗೆ ಕೇಳಿಸುತ್ತದೆ, ಅಲ್ವಾ? ‘ಸುಗಂಧ ತೈಲ’ ಸುಲಭದ ಪದ. ತೊಂದರೆ ಏನೆಂದರೆ, ಯಾವುದೋ ಎಣ್ಣೆಗೆ ಕೃತಕ ಪರಿಮಳ ಸೇರಿಸಿ ಮಾರುವುದೂ ಸುಗಂಧ ತೈಲವೇ. ಅತ್ತರನ್ನೂ ಹಾಗೆ ಕರೆಯಬಹುದು.

ಇಷ್ಟರವರೆಗೆ ನನ್ನ ತಕರಾರೆಲ್ಲ ಮೊದಲ ಪದದ ಮೇಲಿತ್ತು. ಆಮೇಲೆ ನೋಡಿದರೆ ನಿಜವಾದ ಕಿತಾಪತಿ ಎರಡನೆಯದರಲ್ಲಿದೆ. ತೈಲ ಬಂದದ್ದು ತಿಲದಿಂದ. ತಿಲ ಎಂದರೆ ಎಳ್ಳು. ಎಣ್ಣೆ ಬಂದದ್ದು ಎಳ್ ಮತ್ತು ನೆಯ್ ಸೇರಿ, ಅಂದರೆ ಎಳ್ಳಿನ ಜಿಡ್ಡು. ಇಂಗ್ಲಿಷಿನ ಆಯಿಲ್ ಕೂಡ ಮೂಲದಲ್ಲಿ ಆಲಿವ್ ಎಣ್ಣೆಯೇ. ಮೂರೂ ಪದಗಳು ಕಾಳು, ಕಾಯಿಗಳ ಜಿಡ್ಡಿನಿಂದ ಹುಟ್ಟಿದವು. ಆದರೆ ಎಸೆನ್ಷಿಯಲ್ ಆಯಿಲ್‌ನಲ್ಲಿ ಜಿಡ್ಡೇ ಇಲ್ಲ!

ನಂಬಿಕೆ ಬರಲಿಲ್ಲವೆಂದು ಮೇಜಿನ ಮೇಲೆ ಒಂದು ಬಿಳಿ ಕಾಗದ ಇಟ್ಟು, ಸೂರ್ಯಕಾಂತಿ ಎಣ್ಣೆ ಒಂದು ತೊಟ್ಟು, ಪಕ್ಕದಲ್ಲಿ ಲ್ಯಾವೆಂಡರ್ ಒಂದು ತೊಟ್ಟು ಹಾಕಿದೆ. ಮೊದಲಿಗೆ ಎರಡೂ ಒಂದೇ ಥರ ಹರಡಿದವು. ಮರುದಿನ ಕಾಗದವನ್ನು ಕಿಟಕಿಗೆ ಹಿಡಿದು ನೋಡಿದರೆ ಒಂದು ಕಡೆ ಬೆಳಕು ಹಾಯುವ ಜಿಡ್ಡಿನ ಕಲೆ. ಇನ್ನೊಂದು ಕಡೆ ಏನೂ ಇಲ್ಲ. ಮೂಗಿಗೆ ಹತ್ತಿರ ಹಿಡಿದರೆ ಮಾತ್ರ ಒಂದಿಷ್ಟು ಕಂಪು. ಲ್ಯಾವೆಂಡರಿನಲ್ಲಿ ಹೆಚ್ಚಾಗಿ ಇರುವುದು ಲಿನಲೂಲ್, ಲಿನಲೈಲ್ ಅಸಿಟೇಟ್ ಥರದ ಆವಿಯಾಗಿ ಹೋಗುವ ವಸ್ತುಗಳು. ಹಾರಿ ಹೋದವು.

ಇದು ಬರೀ ಪದದ ಜಗಳವಲ್ಲ ಅಂತ ನನಗೆ ಗೊತ್ತಾದದ್ದು ಲವಂಗದ ಎಸೆನ್ಷಿಯಲ್ ಆಯಿಲ್‌ನಿಂದ. ‘ಎಣ್ಣೆ ತಾನೇ’ ಅಂತ ಸುಮ್ನೆ ಒಂದು ತೊಟ್ಟು ಮಣಿಕಟ್ಟಿಗೆ ಹಚ್ಚಿಕೊಂಡೆ. ಚುರುಚುರು ಅಂತು. ಐದು ನಿಮಿಷದಲ್ಲಿ ಕೆಂಪಗಾಯಿತು. ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ, ಅದು ನೀರಿಗೆ ಬೆರೆಯುವುದಿಲ್ಲವಲ್ಲ. ಕೊನೆಗೆ ಅದೇ ಸೂರ್ಯಕಾಂತಿ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿದೆ. ಎಣ್ಣೆ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಕೈ ಅದನ್ನು ಬೊಗಸೆಗೆ ಸುರಿದುಕೊಳ್ಳಲು ಹೊರಡುತ್ತದೆ. ಲೆಕ್ಕ ನೋಡಿದರೆ ದೊಡ್ಡವರ ಮೈಗೆ ಹಚ್ಚುವ ಎಣ್ಣೆಯಲ್ಲಿ ಸಾಮಾನ್ಯವಾಗಿ ಇದನ್ನು ಬೆರೆಸುವುದು ನೂರಕ್ಕೆ ಎರಡು ಪಾಲು ಮಾತ್ರ. ಒಂದು ಮಿಲಿಲೀಟರಿಗೆ ಸುಮಾರು 20 ತೊಟ್ಟು ಅಂತ ಹಿಡಿದರೆ, 30 ಮಿಲಿಲೀಟರ್ ಎಣ್ಣೆಗೆ 12 ತೊಟ್ಟು. ಮುಖಕ್ಕಾದರೆ ಇನ್ನೂ ಕಡಿಮೆ.

ಅದಕ್ಕೇ ನನ್ನ ಸಲಹೆ: ‘ತೈಲ’, ‘ಎಣ್ಣೆ’ ಎರಡನ್ನೂ ಬಿಟ್ಟು ‘ಕಂಪುಸಾರ’ ಅಂದರೆ ಹೇಗೆ? ‘ಲ್ಯಾವೆಂಡರ್ ಕಂಪುಸಾರ 12 ತೊಟ್ಟು’ ಎಂದು ಬರೆದರೆ ಯಾರೂ ಅದನ್ನು ಬೊಗಸೆಗೆ ಸುರಿದುಕೊಳ್ಳಲಾರರು. ಸಾರ ಅಂದ ಮೇಲೆ ಗಟ್ಟಿ ಇರುತ್ತದೆ, ಸ್ವಲ್ಪವೇ ಸಾಕು ಎಂದು ಪದವೇ ಹೇಳುತ್ತದೆ. ಒಂದು ಎಚ್ಚರಿಕೆ ಏನೆಂದರೆ, ‘ಬಟ್ಟಿ ಇಳಿಸಿದ’ ಅನ್ನುವುದನ್ನು ಪದದೊಳಗೆ ತುರುಕುವಂತಿಲ್ಲ. ಲ್ಯಾವೆಂಡರನ್ನು ಹಬೆಯಲ್ಲಿ ಬಟ್ಟಿ ಇಳಿಸುತ್ತಾರೆ, ಆದರೆ ಕಿತ್ತಳೆ ಮತ್ತು ಅದೇ ಜಾತಿಯ ಬರ್ಗಮಾಟ್ ಹಣ್ಣುಗಳದನ್ನು ಸಾಮಾನ್ಯವಾಗಿ ಸಿಪ್ಪೆಯಿಂದ ಹಿಂಡುತ್ತಾರೆ. ಹಿಂಡಿ ತೆಗೆದ ಬರ್ಗಮಾಟ್ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡಬಹುದು, ಅದರಲ್ಲಿರುವ ಬರ್ಗಾಪ್ಟೆನ್ ಎಂಬ ವಸ್ತುವಿನಿಂದ. ಹೇಗೆ ತೆಗೆದದ್ದು ಅನ್ನುವುದನ್ನು ಬೇರೆಯಾಗಿ ಬರೆಯುವುದೇ ವಾಸಿ. ಬಟ್ಟಿ ಇಳಿಸುವಾಗ ಸಾರದ ಜೊತೆ ಸಿಗುವ ಕಂಪಿನ ನೀರಿಗೆ ಮಾತ್ರ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪನ್ನೀರು ಇದೆಯಲ್ಲ!

ಅರೋಮಾಥೆರಪಿಗೆ ‘ಸುಗಂಧ ಚಿಕಿತ್ಸೆ’ ಆಗಲೇ ನಿಂತುಬಿಟ್ಟಿದೆ, ಅದನ್ನು ಅಲ್ಲಾಡಿಸುವ ಮನಸ್ಸಿಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೊರೀಸ್ ಗಟ್ಟೆಫೋಸೆ 1937ರಲ್ಲಿ ತನ್ನ ಪುಸ್ತಕಕ್ಕೆ ಇಟ್ಟ ಹೆಸರೇ ಅರೋಮಾಥೆರಪಿ. ಅವನ ಲಕ್ಷ್ಯ ಇದ್ದದ್ದು ಗಾಯ, ಸೋಂಕುಗಳ ಮೇಲೆ. ಅದನ್ನು ಮಾಲೀಸಿಗೆ ಜೋಡಿಸಿದ ಹೆಸರು ಹೆಚ್ಚಾಗಿ ಮಾರ್ಗರೀಟ್ ಮೋರಿ ಎಂಬಾಕೆಗೆ ಸಲ್ಲುತ್ತದೆ. ‘ಚಿಕಿತ್ಸೆ’ ಅಂದಾಗ ರೋಗ ವಾಸಿಯಾಗುತ್ತದೆ ಅನ್ನುವ ಭರವಸೆ ಒಳಗೆ ನುಸುಳುತ್ತದೆ ಅನ್ನುವುದೊಂದು ಕಸಿವಿಸಿ. ಮಾಲೀಸಿನಲ್ಲಿ ಕಂಪು ಮಾಡುವ ಕೆಲಸ ಬಹುಪಾಲು ಮನಸ್ಸನ್ನು ಹಗುರ ಮಾಡುವುದು.

ಇನ್ನು ಕೈಯ ಕೆಲಸಕ್ಕೆ ಪದಗಳು. ಇಲ್ಲಿ ಕನ್ನಡ ಶ್ರೀಮಂತ. ಕರಡಿನಲ್ಲಿ ಎಲ್ಲ ಕಡೆ ‘ಅಂಗಮರ್ದನ’ ಇತ್ತು. ನನಗೆ ಅದನ್ನು ಓದಿದಾಗಲೆಲ್ಲ ಕಾಳಿಂಗಮರ್ದನವೇ ನೆನಪಿಗೆ ಬಂದು, ಮಲಗಿದವರ ಬಗ್ಗೆ ಕನಿಕರ ಹುಟ್ಟುತ್ತದೆ. ಅಂಗೈಯಿಂದ ಉದ್ದಕ್ಕೆ ಸವರುವುದು ನೀವುವುದು. ಸ್ನಾಯುವನ್ನು ಹಿಡಿದೆತ್ತಿ ಹಿಂಡುವುದು ನಾದುವುದು, ಹಿಟ್ಟಿನ ಹಾಗೆ. ಒಂದೇ ಜಾಗದಲ್ಲಿ ಬೆರಳೊತ್ತಿ ಉಜ್ಜುವುದು ತಿಕ್ಕುವುದು. ಆಮೇಲೆ ತಟ್ಟುವುದು. ಇಂಗ್ಲಿಷಿನವರು ಇವಕ್ಕೆ ಫ್ರೆಂಚಿನಿಂದ ಪದ ಎರವಲು ತಂದರು, ನಮಗೆ ಆ ಗತಿ ಇಲ್ಲ. ಒಂದೇ ಕಷ್ಟ, ‘ಈಗ ನೀವು ಬೆನ್ನು ನೀವಬೇಕು’ ಅಂತ ಬರೆದರೆ ಅಚ್ಚು ತಿದ್ದುವವರು ಒಂದು ‘ನೀವು’ ಹೊಡೆದುಹಾಕುತ್ತಾರೆ.

ಕೊನೆಗೆ ನಾನು ಸಿಕ್ಕಿಕೊಂಡಿರುವುದು ಎರಡು ಕಡೆ. ಡೈಲ್ಯೂಟ್‌ಗೆ ಶಾಲೆಯ ಪುಸ್ತಕದ ‘ಸಾರರಿಕ್ತ’ ಹಾಕಿದರೆ ‘ಕಂಪುಸಾರವನ್ನು ಸಾರರಿಕ್ತಗೊಳಿಸಿ’ ಆಗುತ್ತದೆ. ಸಾರವನ್ನು ಕೊಟ್ಟ ಕೈಯಲ್ಲೇ ಕಿತ್ತುಕೊಂಡ ಹಾಗೆ. ‘ತೆಳು ಮಾಡಿ’ ಅಂತ ಬರೆದುಕೊಂಡಿದ್ದೇನೆ. ಎಣ್ಣೆಯಲ್ಲಿ ತೆಳು ಮಾಡುವುದು ಅಂದರೆ ಕಿವಿಗೆ ಒಪ್ಪುತ್ತದಾ?

ಎರಡನೆಯದು ಕ್ಯಾರಿಯರ್ ಆಯಿಲ್. ಬಾದಾಮಿ, ಕೊಬ್ಬರಿ, ಸೂರ್ಯಕಾಂತಿ, ಇವು ನಿಜವಾದ ಎಣ್ಣೆಗಳು. (ಹೊಹೊಬಾ ಎಂಬ ಗಿಡದ ಬೀಜದ ಎಣ್ಣೆ ಮಾತ್ರ ಅಸಲಿಗೆ ದ್ರವರೂಪದ ಮೇಣ, ಅಲ್ಲೂ ಎಣ್ಣೆ ಸುಳ್ಳು.) ‘ವಾಹಕ’ ಅಂದರೆ ವಿದ್ಯುತ್ತು, ರೋಗ ಎರಡೂ ನೆನಪಾಗುತ್ತವೆ. ‘ಬೆರಕೆ ಎಣ್ಣೆ’ ಅಂದರೆ ಕಲಬೆರಕೆ ಮಾಲು ಅಂದುಕೊಳ್ಳುತ್ತಾರೆ. ‘ಮೂಲ ಎಣ್ಣೆ’ ಅಂದರೆ ಯಾವುದರ ಮೂಲ ಎಂದು ಕೇಳುತ್ತಾರೆ. ಸದ್ಯಕ್ಕೆ ‘ಹದದ ಎಣ್ಣೆ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನೀವಾದರೆ ಏನು ಬರೆಯುತ್ತಿದ್ದಿರಿ?