ಪೂಲ್ ಬೇಲಿಗೆ ತಾಗಿಸಿ ತುಳಸಿ ಕುಂಡ ಇಡಬಹುದಾ? (ಸಿಡ್ನಿ, ಬಾಡಿಗೆ ಮನೆ)

ಹಾಸನದ_ಸೊಸೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಸಿಡ್ನಿಯ ಬ್ಲ್ಯಾಕ್‌ಟೌನ್ ಕಡೆ. ನಾಲ್ಕು ತಿಂಗಳ ಹಿಂದೆ ಹಿತ್ತಲಲ್ಲಿ ಪೂಲ್ ಇರುವ ಮನೆಯನ್ನು ಬಾಡಿಗೆಗೆ ಹಿಡಿದೆವು. ಮಗಳಿಗೆ ಎರಡು ವರ್ಷ ಮೂರು ತಿಂಗಳು. ಅತ್ತೆ ಮಾವ ಹಾಸನದಿಂದ ಬಂದು ಮೂರು ವಾರ ಆಯ್ತು.

ಮಾವ ಬಂದ ವಾರದಲ್ಲೇ ತುಳಸಿ ಗಿಡ ತಂದು ದೊಡ್ಡ ಕುಂಡದಲ್ಲಿ ನೆಟ್ಟರು. ಬೆಳಗಿನ ಬಿಸಿಲು ಚೆನ್ನಾಗಿ ಬೀಳುವುದು ಪೂಲ್ ಬೇಲಿ ಹತ್ತಿರ ಮಾತ್ರ, ಹಾಗಾಗಿ ಬೇಲಿಗೆ ತಾಗಿಸಿಯೇ ಇಟ್ಟಿದ್ದಾರೆ. ಅತ್ತೆ ಪೂಲ್ ಸುತ್ತಲಿನ ಕಲ್ಲುಹಾಸಿನ ಮೇಲೆ ಸಂಡಿಗೆ ಒಣಗಿಸುತ್ತಾರೆ. ಎರಡೂ ಕೈಯಲ್ಲಿ ತಟ್ಟೆ ಇರುತ್ತಲ್ವಾ, ಗೇಟು ಮುಚ್ಚಿಕೊಳ್ಳದಿರಲಿ ಅಂತ ಒಂದು ಇಟ್ಟಿಗೆ ಅಡ್ಡ ಇಡುತ್ತಾರೆ. ನಿನ್ನೆ ಇಟ್ಟಿಗೆ ತೆಗೆದು ನೋಡಿದೆ. ಗೇಟು ಮುಚ್ಚಿತು, ಆದರೆ ಲ್ಯಾಚ್ ಬೀಳಲಿಲ್ಲ. ಕೈಯಿಂದ ಒತ್ತಿದ ಮೇಲೆಯೇ ಬಿತ್ತು. ರಾತ್ರಿ ನಿದ್ದೆ ಬರಲಿಲ್ಲ.

ನಿಯಮ ಏನು ಹೇಳುತ್ತದೆ? ಗೇಟು ರಿಪೇರಿ ಮಾಡಿಸಬೇಕಾದ್ದು ನಾವಾ, ಓನರಾ? ಪೂಜೆ ಮಾಡುವ ತುಳಸಿಯನ್ನು ಬೇರೆ ಕಡೆ ಇಡಿ ಅಂತ ಮಾವನಿಗೆ ಹೇಗೆ ಹೇಳಲಿ?

ಬೇಲಿ_ಕೆಲಸದವ:

ಅಕ್ಕಾ, ನಾನು ಪೆನ್ರಿತ್ ಕಡೆ ಪೂಲ್ ಬೇಲಿ ಹಾಕುವ ಕೆಲಸದಲ್ಲೇ ಇದ್ದೇನೆ. ಮೊದಲು ಗೇಟು. ಇವತ್ತೇ ಚೈನು ಸುತ್ತಿ ಬೀಗ ಹಾಕಿ, ಸರಿಯಾಗುವ ತನಕ ಯಾರೂ ಒಳಗೆ ಹೋಗುವುದು ಬೇಡ, ಸಂಡಿಗೆಗೂ ಬೇಡ. ಆಮೇಲೆ ಏಜೆಂಟ್‌ಗೆ ಇಮೇಲ್ ಮಾಡಿ, ಲ್ಯಾಚ್ ಬೀಳದ ವಿಡಿಯೋ ಜೊತೆಗಿರಲಿ. ಬೇಲಿ, ಗೇಟು ಸರಿ ಇಡುವುದು ಓನರ್ ಜವಾಬ್ದಾರಿ. ಮನೆಯವರ ಸುರಕ್ಷತೆಗೆ ಅಪಾಯ ತರುವ ದೋಷ ಇಲ್ಲಿನ ಬಾಡಿಗೆ ಕಾನೂನಿನಲ್ಲಿ ತುರ್ತು ರಿಪೇರಿ, ಆ ಮಾತನ್ನೇ ಬರೆಯಿರಿ. ನ್ಯೂ ಸೌತ್ ವೇಲ್ಸ್‌ನಲ್ಲಿ 2016ರ ಏಪ್ರಿಲ್ 29ರಿಂದ, ಪೂಲ್ ಇರುವ ಇಂಥ ಮನೆಯನ್ನು ಬಾಡಿಗೆಗೆ ಕೊಡಬೇಕಾದರೆ ಬೇಲಿ ಸರಿ ಇದೆ ಅನ್ನುವ ಸರ್ಟಿಫಿಕೇಟ್ ಬೇಕು. ಅದರ ಅವಧಿ 3 ವರ್ಷ. ಅಗ್ರಿಮೆಂಟ್ ಜೊತೆ ಕೊಟ್ಟಿರಬೇಕು, ತೆಗೆದು ತಾರೀಖು ನೋಡಿ.

ಗೇಟನ್ನು ಹೀಗೆ ನೋಡಿ. ಅದು ಪೂಲ್‌ನಿಂದ ಹೊರಗಡೆಗೆ ತೆರೆಯಬೇಕು. ಪೂರ್ತಿ ತೆರೆದು ಬಿಟ್ಟರೂ, ಒಂದು ಬೆರಳಷ್ಟೇ ತೆರೆದು ಬಿಟ್ಟರೂ ತಾನಾಗಿ ಬಂದು ಲ್ಯಾಚ್ ಟಕ್ ಅಂತ ಬೀಳಬೇಕು. ನಾನು ನೋಡಿದ ಗೇಟುಗಳಲ್ಲಿ ಜಾಸ್ತಿ ಕೈಕೊಡುವುದು ಆ ಬೆರಳಷ್ಟು ಜಾಗದಲ್ಲೇ. ಹಿಂಜ್‌ನ ಸ್ಪ್ರಿಂಗ್ ಸಡಿಲ ಆಗಿರುತ್ತದೆ, ಇಲ್ಲವೇ ನೆಲ ಕುಸಿದು ಕಂಬ ವಾಲಿರುತ್ತದೆ.

ಈಗ ಕುಂಡದ ವಿಷಯ. ಬೇಲಿ ಕನಿಷ್ಠ 1.2 ಮೀಟರ್ ಎತ್ತರ ಇರಬೇಕು, ಕೆಳಗಿನ ಸಂದು 10 ಸೆಂಟಿಮೀಟರ್ ಮೀರಬಾರದು. ಬೇಲಿಯ ಹೊರಗಡೆ 90 ಸೆಂಟಿಮೀಟರ್ ಒಳಗೆ ಮಗು ಹತ್ತಬಹುದಾದ್ದು ಏನೂ ಇರಬಾರದು. ಕುಂಡ, ಕುರ್ಚಿ, ಬಾರ್ಬೆಕ್ಯೂ, ಮರದ ಕೊಂಬೆ ಕೂಡ. ಕುಂಡ ಅರ್ಧ ಮೀಟರ್ ಎತ್ತರ ಇದ್ದರೆ ಅದರ ಮೇಲೆ ನಿಂತ ಮಗುವಿಗೆ ಉಳಿಯುವ ಬೇಲಿ 70 ಸೆಂಟಿಮೀಟರ್, ಅಂದರೆ ನಿಮ್ಮ ಮಗಳ ಕತ್ತಿನ ಮಟ್ಟ. ಪೂಲ್ ಹತ್ತಿರ ಸಿಪಿಆರ್ ಬೋರ್ಡ್ (ಎದೆ ಒತ್ತಿ ಉಸಿರು ಕೊಟ್ಟು ಜೀವ ಉಳಿಸುವ ವಿಧಾನ ತೋರಿಸುವ ಫಲಕ) ಇರುತ್ತದೆ. ಬೇಲಿಯಿಂದ 900 ಮಿಲಿಮೀಟರ್ ದೂರ ಇಡಿ ಅಂತ ಅದರ ಮೇಲೆಯೇ ಬರೆದಿರಬೇಕು, ಮಾವನನ್ನು ಕರೆದುಕೊಂಡು ಹೋಗಿ ತೋರಿಸಿ.

ಎರಡು_ಮಕ್ಕಳ_ಅಮ್ಮ:

ನಮ್ಮ ಮನೆಯಲ್ಲಿ ಆಗಿದ್ದು ಹೇಳುತ್ತೇನೆ, ನಿಮ್ಮನ್ನು ಹೆದರಿಸುವುದಕ್ಕಲ್ಲ. ನಮ್ಮ ಸರ್ಟಿಫಿಕೇಟ್‌ಗೆ ಆಗ ಇನ್ನೂ ಎರಡು ವರ್ಷ ಬಾಕಿ ಇತ್ತು. ಮಗನಿಗೆ ಮೂರು ವರ್ಷ. ಒಂದು ಭಾನುವಾರ ಮನೆ ತುಂಬಾ ನೆಂಟರು, ಯಾರೋ ಪ್ಲಾಸ್ಟಿಕ್ ಕುರ್ಚಿಯನ್ನು ಬೇಲಿ ಪಕ್ಕ ಬಿಟ್ಟಿದ್ದರು. ನಾನು ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ನೋಡಿದರೆ ಅವನು ಕುರ್ಚಿ ಮೇಲೆ ನಿಂತು ಒಂದು ಕಾಲನ್ನು ಬೇಲಿ ಮೇಲೆ ಹಾಕಿದ್ದ. ಹತ್ತು ಜನ ದೊಡ್ಡವರು ಅಲ್ಲೇ ಕೂತಿದ್ದರು. ಒಬ್ಬರೂ ನೋಡಿರಲಿಲ್ಲ, ಅವನೂ ಸದ್ದು ಮಾಡಿರಲಿಲ್ಲ. ಓಡಿ ಹೋಗಿ ಹಿಡಿದೆ. ನೀರಿಗೆ ಬಿದ್ದಿದ್ದರೂ ಸದ್ದು ಕೇಳಿಸುತ್ತಿತ್ತು ಅನ್ನುವ ನಂಬಿಕೆ ನನಗಿಲ್ಲ. ಚಿಕ್ಕ ಮಕ್ಕಳು ಮುಳುಗುವಾಗ ಕಿರುಚುವುದಿಲ್ಲ, ಕೈ ಬಡಿಯುವುದಿಲ್ಲ, ಸುಮ್ನೆ ಕೆಳಗೆ ಹೋಗಿಬಿಡುತ್ತಾರೆ.

ಅತ್ತೆಗೆ ಇಟ್ಟಿಗೆ ಇಡಬೇಡಿ ಅಂತ ಮಾತ್ರ ಹೇಳಿದರೆ ಸಾಲದು, ಸಂಡಿಗೆಗೆ ಬೇರೆ ಬಿಸಿಲು ಹುಡುಕಿಕೊಡಿ. ನಮ್ಮಲ್ಲಿ ಕಾರು ನಿಲ್ಲಿಸುವ ಕಡೆ ಮೇಜು ಹಾಕಿದ್ದೇವೆ.

ಮೆಲ್ಬರ್ನ್_ಮಾಮ:

ಓದುತ್ತಿರುವ ವಿಕ್ಟೋರಿಯಾದವರಿಗೆ ಒಂದು ಮಾತು, ಮೇಲಿನದ್ದು ಸಿಡ್ನಿ ಲೆಕ್ಕ. ನಮ್ಮಲ್ಲಿ ಪೂಲ್ ಅನ್ನು ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು, ಸರ್ಟಿಫಿಕೇಟ್ 4 ವರ್ಷಕ್ಕೊಮ್ಮೆ, ಮತ್ತು ಪೂಲ್ ಯಾವ ವರ್ಷ ಕಟ್ಟಿದ್ದು ಅನ್ನುವುದರ ಮೇಲೆ ಬೇಲಿ ನಿಯಮ ಬದಲಾಗುತ್ತದೆ. ಎರಡೂ ಕಡೆ ಒಂದೇ ಆಗಿರುವುದು ಅಂದರೆ, 30 ಸೆಂಟಿಮೀಟರ್‌ಗಿಂತ ಜಾಸ್ತಿ ನೀರು ಹಿಡಿಯುವುದಾದರೆ ಅಂಗಡಿಯಿಂದ ತಂದು ಗಾಳಿ ತುಂಬಿಸುವ ಪೂಲ್‌ಗೂ ಬೇಲಿ ಬೇಕು. ಬೇಸಿಗೆಯಲ್ಲಿ ನಮ್ಮವರು ತುಂಬಾ ಜನ ತರುತ್ತಾರೆ, ಇದು ಗೊತ್ತೇ ಇರುವುದಿಲ್ಲ.

ತಾಯಿ, ಮಾವನವರಿಗೆ ಬಾವಿಯ ಉದಾಹರಣೆ ಕೊಡಿ. ಊರಲ್ಲಿ ಬಾವಿಕಟ್ಟೆ ಪಕ್ಕ ಒರಳುಕಲ್ಲು ಉರುಳಿಸಿ ಇಟ್ಟರೆ ಅವರೇ ಬೈಯುತ್ತಿದ್ದರು ಅಲ್ವಾ? ಇದೂ ಅದೇ.

ಹಾಸನದ_ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾವಿ ಅಂದ ಕೂಡಲೇ ಮಾವ ಎದ್ದು ಹೋಗಿ ತಾವೇ ಟೇಪು ಹಿಡಿದು ಅಳೆದರು. ತುಳಸಿ ಈಗ ಅಡುಗೆಮನೆ ಬಾಗಿಲ ಹತ್ತಿರ ಬಂದಿದೆ, ಅಲ್ಲಿ ಹನ್ನೊಂದು ಗಂಟೆ ತನಕ ಬಿಸಿಲಿದೆ. ಅಳೆಯುವಾಗ ಇನ್ನೊಂದು ಕಣ್ಣಿಗೆ ಬಿತ್ತು, ಎಸಿಯ ಹೊರಗಿನ ಪೆಟ್ಟಿಗೆ ಬೇಲಿಯಿಂದ 60 ಸೆಂಟಿಮೀಟರ್ ದೂರದಲ್ಲೇ ಇದೆ. ಅದರ ಫೋಟೋ, ಗೇಟಿನ ವಿಡಿಯೋ ಎರಡನ್ನೂ ಏಜೆಂಟ್‌ಗೆ ಕಳಿಸಿದ್ದೇನೆ. ಗೇಟಿಗೆ ಬೀಗ ಬಿದ್ದಿದೆ, ಕೀಲಿ ನನ್ನ ಹತ್ತಿರ.

ಬೇಲಿ_ಕೆಲಸದವ:

ಎಸಿ ಪೆಟ್ಟಿಗೆ ಹಿಡಿದದ್ದು ಒಳ್ಳೆಯದಾಯ್ತು, ಅದನ್ನು ಜಾಗ ಬದಲಾಯಿಸಬೇಕು ಇಲ್ಲವೇ ಬೇಲಿಯ ಆ ಭಾಗವನ್ನು ಸರಿಪಡಿಸಬೇಕು. ಎರಡು ದಿನದಲ್ಲಿ ಏಜೆಂಟ್ ಉತ್ತರ ಕೊಡದಿದ್ದರೆ ಕೌನ್ಸಿಲ್‌ಗೆ ಫೋನ್ ಮಾಡಿ, ದೂರು ಬಂದರೆ ಬಂದು ನೋಡುತ್ತಾರೆ. ಇಲ್ಲೂ ಬರೆಯಿರಿ.